ದುಡಿಮೆಯ ಶಾಸ್ತ್ರವೂ ದುಡಿಯುವವರ ಮಾತೂ

ಮನುಷ್ಯರಿಂದ ಕೆಲಸ ಮಾಡಿಸುವುದು ಹೇಗೆ ಎಂಬುದು ವ್ಯಾಪಾರದಷ್ಟೇ ಪುರಾತನವಾದ ಪ್ರಶ್ನೆ. ಆದರೆ ಅದಕ್ಕೊಂದು ಶಾಸ್ತ್ರವುಂಟು, ಆ ಶಾಸ್ತ್ರವನ್ನು ಪ್ರಯೋಗಗಳಿಂದ ಸಿದ್ಧಪಡಿಸಬಹುದು, ವಿದ್ಯಾಪೀಠಗಳಲ್ಲಿ ಬೋಧಿಸಬಹುದು ಎಂಬ ನಂಬಿಕೆ ಮಾತ್ರ ಇಪ್ಪತ್ತನೆಯ ಶತಮಾನದ್ದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಜೈನ ಮನೆತನಗಳಲ್ಲಿ ಇಂದು ಆಡಳಿತಶಾಸ್ತ್ರದ ಪದವಿ ಪಡೆದ ತರುಣರಿಗೆ ಕೊರತೆಯಿಲ್ಲ. ಅವರ ತಂದೆ ಅಜ್ಜಂದಿರು ಅಡತಿ ಅಂಗಡಿಯಲ್ಲಿಯೋ ತಂಬಾಕಿನ ವಖಾರದಲ್ಲಿಯೋ ಹಾಜರಿ ಪುಸ್ತಕ ಹಿಡಿದು ಕಲಿತದ್ದನ್ನು ಇವರು ಗ್ರಂಥಗಳಿಂದ ಕಲಿತು ಬಂದಿದ್ದಾರೆ. ಕರೋಶಿಯಂಥ ಹಳ್ಳಿಯಲ್ಲಿ ಕಬ್ಬು ಕಡಿಯುವ ಗ್ಯಾಂಗಿಗೆ ಮುಂಗಡ ಕೊಡುವ ರೈತನಿಗೂ ಈ ಶಾಸ್ತ್ರಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಅನಿಸಬಹುದು. ಸಂಬಂಧವಿದೆ. ಒಬ್ಬನ ದೇಹಶ್ರಮ ಇನ್ನೊಬ್ಬನ ಲೆಕ್ಕದ ಪುಸ್ತಕಕ್ಕೆ ಸೇರುವ ಪ್ರತಿಯೊಂದು ಸ್ಥಳವೂ ಈ ಶಾಸ್ತ್ರದ ವಿಷಯವೇ ಆಗಿದೆ. ಆದುದರಿಂದ ಈ ಶಾಸ್ತ್ರ ಯಾರ ಪರವಾಗಿ, ಯಾರ ಖರ್ಚಿನಲ್ಲಿ, ಯಾವ ಪ್ರಶ್ನೆಗಳನ್ನು ಕೇಳುತ್ತ ಬಂದಿದೆ ಎಂಬುದನ್ನು ಪರೀಕ್ಷಿಸುವುದು ಶ್ರಾವಕನಿಗೆ ಅಪ್ರಸ್ತುತವಲ್ಲ.

ಶಾಸ್ತ್ರದ ಆದಿಪುರುಷನೆಂದು ಎಣಿಸಲ್ಪಡುವವನು ಅಮೇರಿಕದ ಫ್ರೆಡರಿಕ್ ಟೇಲರ್. 1911ರಲ್ಲಿ ಪ್ರಕಟವಾದ ಅವನ ವೈಜ್ಞಾನಿಕ ಆಡಳಿತದ ಗ್ರಂಥದಲ್ಲಿ ಬೆಥ್ಲೆಹೆಮ್ ಉಕ್ಕಿನ ಕಾರ್ಖಾನೆಯ ಒಬ್ಬ ಹಮಾಲನ ಕಥೆ ಬರುತ್ತದೆ. ಟೇಲರ್ ಅವನಿಗೆ ಷ್ಮಿಟ್ ಎಂದು ಹೆಸರಿಟ್ಟನು. ದಿನಕ್ಕೆ ಹನ್ನೆರಡೂವರೆ ಟನ್ನು ಕಬ್ಬಿಣದ ಗಟ್ಟಿಗಳನ್ನು ಹೊರುತ್ತಿದ್ದ ಆ ಮನುಷ್ಯನು, ಯಾವಾಗ ಎತ್ತಬೇಕು, ಯಾವಾಗ ಕುಳಿತುಕೊಳ್ಳಬೇಕು ಎಂದು ಹೇಳಿದಂತೆ ಕೇಳಿ 47 ಟನ್ನು ಹೊರುವಂತಾದನಂತೆ, ದಿನಗೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತಂತೆ. ‘ಅಂತೆ’ ಎನ್ನುವುದಕ್ಕೆ ಕಾರಣವಿದೆ. 1974ರಲ್ಲಿ ಇಬ್ಬರು ಇತಿಹಾಸಕಾರರು ಮೂಲ ದಾಖಲೆಗಳನ್ನು ತೆಗೆದು ನೋಡಿ, ಟೇಲರ್ ಹೇಳಿದ ಕಥೆಯಲ್ಲಿ ಅಲಂಕಾರವೇ ಹೆಚ್ಚೆಂದು ತೋರಿಸಿಕೊಟ್ಟರು. ಕಥೆ ನಿಜವೆಂದೇ ಇಟ್ಟುಕೊಂಡರೂ ಲೆಕ್ಕ ಸರಳ: ಹೊರೆ ಹೆಚ್ಚುಕಡಿಮೆ ನಾಲ್ಕು ಪಟ್ಟು, ಕೂಲಿಯಲ್ಲಿ ಏರಿಕೆ ನೂರಕ್ಕೆ ಅರವತ್ತು. ಈ ಅಂಕಿಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಬೆಂಗಳೂರಿನ ಲೆಕ್ಕ ಬಂದಾಗ ಇವು ಬೇಕಾಗುತ್ತವೆ.

ಟೇಲರನ ಶಾಸ್ತ್ರ ದೇಹವನ್ನು ಅಳೆಯಿತು. ಅದರ ಮುಂದಿನ ಪೀಳಿಗೆ ಮನಸ್ಸನ್ನು ಅಳೆಯಲು ಹೊರಟಿತು. ಶಿಕಾಗೋ ಸಮೀಪದ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳು ಇಂದಿಗೂ ಎಲ್ಲ ಪಠ್ಯಪುಸ್ತಕಗಳಲ್ಲಿವೆ. ದೀಪದ ಬೆಳಕು ಹೆಚ್ಚಿಸಿದರೂ ಉತ್ಪಾದನೆ ಏರಿತು, ತಗ್ಗಿಸಿದರೂ ಏರಿತು. ಆದ್ದರಿಂದ ಕೆಲಸಗಾರರಿಗೆ ಬೇಕಾದುದು ಬೆಳಕಲ್ಲ, ಯಾರೋ ತಮ್ಮನ್ನು ಗಮನಿಸುತ್ತಿದ್ದಾರೆಂಬ ಭಾವನೆ ಎಂದು ತೀರ್ಮಾನಿಸಲಾಯಿತು. ಎಲ್ಟನ್ ಮೇಯೊ ಈ ತೀರ್ಮಾನದ ಪ್ರಚಾರಕನಾದನು. ಆದರೆ ಐವರು ಹೆಣ್ಣುಮಕ್ಕಳನ್ನು ಪ್ರತ್ಯೇಕ ಕೋಣೆಯಲ್ಲಿ ಕೂಡಿಸಿ ನಡೆಸಿದ ಪ್ರಸಿದ್ಧ ಪ್ರಯೋಗದಲ್ಲಿ, ಹೆಚ್ಚು ಮಾತನಾಡುತ್ತಾರೆ, ಸಹಕರಿಸುವುದಿಲ್ಲ ಎಂಬ ಕಾರಣಕ್ಕೆ 1928ರ ಆರಂಭದಲ್ಲಿ ಇಬ್ಬರನ್ನು ತೆಗೆದು ಬೇರೆ ಇಬ್ಬರನ್ನು ತಂದು ಕೂಡಿಸಲಾಗಿತ್ತು. ಕೂಲಿ ಕೊಡುವ ಪದ್ಧತಿಯನ್ನೂ ಬದಲಿಸಲಾಗಿತ್ತು. 1967ರಲ್ಲಿ ಅಲೆಕ್ಸ್ ಕ್ಯಾರಿ ಎಂಬ ವಿದ್ವಾಂಸನು ಇವನ್ನೆಲ್ಲ ಎತ್ತಿ ತೋರಿಸಿ, ಈ ಪ್ರಯೋಗದಿಂದ ಮೇಯೊ ಪಂಥದ ತೀರ್ಮಾನ ಹೊರಡುವುದೇ ಇಲ್ಲವೆಂದು ವಾದಿಸಿದನು. ಬೆಳಕಿನ ಪ್ರಯೋಗದ ಮೂಲ ಅಂಕಿಅಂಶಗಳು ದೊರೆತ ಮೇಲೆ 2011ರಲ್ಲಿ ಲೆವಿಟ್ ಮತ್ತು ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಮರುಪರಿಶೀಲಿಸಿದಾಗ, ದೀಪ ಆರಿಸಿದರೂ ಉತ್ಪಾದನೆ ಏರಿತೆಂಬ ದಂತಕಥೆಗೆ ಆಧಾರವಿರಲಿಲ್ಲವೆಂದು ಕಂಡುಬಂದಿತು. ಮಾತನಾಡುವವರನ್ನು ಹೊರಹಾಕಿದ ಕೋಣೆಯಿಂದ ‘ಮಾನವೀಯ ಸಂಬಂಧ’ಗಳ ಪಂಥ ಹುಟ್ಟಿತೆಂಬುದು ವಿಪರ್ಯಾಸ.

ಭಾರತಕ್ಕೆ ಬರೋಣ. ಇಲ್ಲಿ ಕಥೆ ಜೈನ ಸಮಾಜದ ಅಂಗಳಕ್ಕೇ ಬರುತ್ತದೆ. ಅಹಮದಾಬಾದಿನ ಕ್ಯಾಲಿಕೊ ಗಿರಣಿ ಸಾರಾಭಾಯಿ ಮನೆತನದ್ದು. 1918ರಲ್ಲಿ ಅಲ್ಲಿನ ಗಿರಣಿ ಕಾರ್ಮಿಕರು ಪ್ಲೇಗ್ ಕಾಲದ ಬೋನಸ್ ನಿಂತುಹೋದುದಕ್ಕೆ ಬದಲಾಗಿ ಕೂಲಿಯಲ್ಲಿ ನೂರಕ್ಕೆ ಐವತ್ತು ಏರಿಕೆ ಕೇಳಿದಾಗ ಮಾಲಿಕರ ಪರವಾಗಿ ನಿಂತವರು ಅಂಬಾಲಾಲ ಸಾರಾಭಾಯಿ. ಕಾರ್ಮಿಕರ ಪರವಾಗಿ ಗಾಂಧೀಜಿಯವರ ಜೊತೆಗೆ ಗಿರಣಿಯ ಬಾಗಿಲಿನಾಚೆ ನಿಂತವರು ಅವರ ಒಡಹುಟ್ಟಿದ ಅಕ್ಕ ಅನಸೂಯಾಬೆನ್. ಗಾಂಧೀಜಿ ಮೂರು ದಿನ ಉಪವಾಸ ಮಾಡಿದರು. ವಿಷಯ ಪಂಚಾಯಿತಿಗೆ ಹೋಗಿ ಕೊನೆಗೆ 35 ಪ್ರತಿಶತಕ್ಕೆ ತೀರ್ಮಾನವಾಯಿತು. ಅಕ್ಕ ತಮ್ಮ ಸಂಜೆ ಒಂದೇ ಊರಿನಲ್ಲಿ ಉಣ್ಣುತ್ತ, ಬೆಳಗಾದರೆ ಎದುರುಬದುರು ನಿಂತ ಆ ಮೂರು ವಾರಗಳಲ್ಲಿ ಕಾರ್ಮಿಕ ಸಂಬಂಧದ ಬಗ್ಗೆ ಇರುವಷ್ಟು ಪಾಠ ಅನೇಕ ದಪ್ಪ ಗ್ರಂಥಗಳಲ್ಲಿ ಇರಲಾರದು.

ಅದೇ ಮನೆತನದ ವಿಕ್ರಮ ಸಾರಾಭಾಯಿಯವರು 1947ರಲ್ಲಿ ಅಹಮದಾಬಾದಿನಲ್ಲಿ ಜವಳಿ ಉದ್ಯಮದ ಸಂಶೋಧನಾ ಸಂಸ್ಥೆ ‘ಅಟಿರಾ’ವನ್ನು ಕಟ್ಟಿದರು, ಅದರಲ್ಲಿ ನೂಲು, ಬಟ್ಟೆಗಳ ಜೊತೆಗೆ ಕಾರ್ಮಿಕರ ಮನಸ್ಸಿನ ಅಧ್ಯಯನಕ್ಕೂ ಒಂದು ವಿಭಾಗವಿತ್ತು, ಅದನ್ನು ನಡೆಸಿದವರು ಕಮಲಾ ಚೌಧರಿ. 1961ರಲ್ಲಿ ಅಹಮದಾಬಾದಿನ ಭಾರತೀಯ ಆಡಳಿತ ಸಂಸ್ಥೆ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಾಪಕರಲ್ಲಿ ಅವರೂ ಒಬ್ಬರು. ಭಾರತದಲ್ಲಿ ಈ ಶಾಸ್ತ್ರದ ಬೀಜ ಬಿದ್ದುದು ಹೀಗೆ, ಒಂದು ಜೈನ ಮನೆತನದ ಅಂಗಳದಲ್ಲಿ.

ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ 1953ರಲ್ಲಿ ಕ್ಯಾಲಿಕೊ ಗಿರಣಿಗೆ ಬಂದುದು ಇದೇ ವಾತಾವರಣದಲ್ಲಿ. ಹೊಸದಾಗಿ ಸ್ವಯಂಚಾಲಿತ ಮಗ್ಗಗಳನ್ನು ಹಾಕಿದ್ದರು. ಆದರೆ ಉತ್ಪಾದನೆ ನಿರೀಕ್ಷೆಯಂತೆ ಬರುತ್ತಿರಲಿಲ್ಲ, ಬಟ್ಟೆಯಲ್ಲಿ ದೋಷ ಹೆಚ್ಚಾಗಿತ್ತು. ರೈಸ್ ಯಂತ್ರವನ್ನು ನೋಡಲಿಲ್ಲ, ಜನ ನಿಂತ ರೀತಿಯನ್ನು ನೋಡಿದನು. 224 ಮಗ್ಗಗಳ ಆ ಶೆಡ್ಡಿನಲ್ಲಿ ಹನ್ನೆರಡು ಬಗೆಯ ಕೆಲಸಗಳಿಗೆ 29 ಜನರಿದ್ದರು. ನೇಕಾರನಿಗೆ ಇಷ್ಟು ಮಗ್ಗ, ನೂಲಿನ ಉಂಡೆ ತುಂಬುವವನಿಗೆ ಇನ್ನಷ್ಟು, ಹರಿದ ಎಳೆಗಳನ್ನು ಜೋಡಿಸುವವನಿಗೆ ಮತ್ತೂ ಹೆಚ್ಚು ಎಂದು ಗಡಿಯಾರ ಹಿಡಿದು ಹಂಚಿದ್ದರಿಂದ, ಒಬ್ಬ ನೇಕಾರನ ಪಾಲಿಗೆ ಉಂಡೆ ತುಂಬುವವನ ಎಂಟರಲ್ಲಿ ಐದು ಪಾಲು, ಎಳೆ ಜೋಡಿಸುವವನ ಎಂಟರಲ್ಲಿ ಮೂರು ಪಾಲು ಬರುತ್ತಿತ್ತು. ಮನುಷ್ಯನನ್ನು ಎಂಟು ತುಂಡು ಮಾಡಿ ಹಂಚುವ ಲೆಕ್ಕಕ್ಕೆ ಅಂಕಗಣಿತದಲ್ಲಿ ತಪ್ಪಿಲ್ಲ. ಆದರೆ ಮಗ್ಗ ನಿಂತಾಗ ನೇಕಾರನು ಯಾರನ್ನು ಕೂಗಬೇಕು? ಯಾರೂ ಯಾರ ಜೊತೆಗಾರರೂ ಅಲ್ಲ.

ರೈಸ್ ಸೂಚಿಸಿದ್ದು 64 ಮಗ್ಗಗಳಿಗೆ ಏಳು ಜನರ ಒಂದೊಂದು ಗುಂಪು; ಆ ಮಗ್ಗಗಳ ಎಲ್ಲ ಕೆಲಸಕ್ಕೂ ಆ ಏಳು ಜನರೇ ಹೊಣೆ. ಮುಂದೆ ನಡೆದುದು ಗಮನಾರ್ಹ. ಮೇಲಿನವರು ಯೋಜನೆಯನ್ನು ಇನ್ನೂ ಚರ್ಚಿಸುತ್ತಿರುವಾಗಲೇ ಸುದ್ದಿ ತಿಳಿದ ಕಾರ್ಮಿಕರು, ಜಾಬರರು ತಾವೇ ಕೂಡಿ, ಯಾರು ಯಾರ ಗುಂಪಿನಲ್ಲಿರಬೇಕೆಂದು ಪಟ್ಟಿ ಮಾಡಿಕೊಂಡು ಬಂದರು. ಕೆಲವು ತಿಂಗಳುಗಳ ಏರಿಳಿತದ ಬಳಿಕ ಶೆಡ್ಡಿನ ಕಾರ್ಯಕ್ಷಮತೆ ಸುಮಾರು 80ರಿಂದ ಸುಮಾರು 95 ಪ್ರತಿಶತಕ್ಕೆ ಏರಿತು. ದೋಷವಿರುವ ಬಟ್ಟೆ ಸುಮಾರು 32ರಿಂದ 20 ಪ್ರತಿಶತಕ್ಕೆ ಇಳಿಯಿತು. 1958ರಲ್ಲಿ ರೈಸ್ ಪ್ರಕಟಿಸಿದ ಗ್ರಂಥ ‘ಅಹಮದಾಬಾದ್ ಪ್ರಯೋಗ’ವೆಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು.

ಗ್ರಂಥದ ಗುಣವನ್ನು ಮೊದಲು ಒಪ್ಪಬೇಕು. ಕೆಲಸಗಾರನಲ್ಲಿ ದೋಷ ಹುಡುಕುವುದನ್ನು ಬಿಟ್ಟು ಕೆಲಸವನ್ನು ಹಂಚಿದ ರೀತಿಯಲ್ಲಿ ದೋಷ ಹುಡುಕಿದ್ದು ದೊಡ್ಡ ಮಾತು. ‘ಆಳುಗಳು ಸರಿಯಿಲ್ಲ’ ಎಂಬುದು ಅಂಗಡಿಯ ಗಾದಿಯ ಮೇಲೆ ದಿನಕ್ಕೆ ಹತ್ತು ಸಲ ಕೇಳಿಬರುವ ಮಾತು. ಹಂಚಿಕೆ ಸರಿಯಿಲ್ಲದಿರಬಹುದು ಎಂಬುದು ವರ್ಷಕ್ಕೊಮ್ಮೆಯೂ ಕೇಳಿಬರುವುದಿಲ್ಲ. ಇನ್ನು ಗ್ರಂಥದ ಕೊರತೆ. ಪ್ರಯೋಗದ ಕಾಲದಲ್ಲಿಯೇ ಕೂಲಿಯ ಪದ್ಧತಿಯೂ ಬದಲಾಗಿತ್ತು. ಹಾಗಿದ್ದ ಮೇಲೆ ಫಲ ಗುಂಪಿನಿಂದ ಬಂದಿತೋ ಹಣದಿಂದ ಬಂದಿತೋ ಎಂದು ಬೇರ್ಪಡಿಸುವುದು ಹೇಗೆ ಎಂಬ ಪ್ರಶ್ನೆಯನ್ನು 1969ರಲ್ಲಿ ಎಸ್. ಕೆ. ರಾಯ್ ಎಂಬ ಭಾರತೀಯ ಸಂಶೋಧಕರು ಎತ್ತಿದರು. ಹಾಥಾರ್ನ್‌ದಲ್ಲಿ ಕಂಡ ದೋಷವೇ ಇಲ್ಲಿಯೂ ಮರಳಿ ಬಂದಿತ್ತು: ಹಣವನ್ನು ಕಥೆಯ ಹಿನ್ನೆಲೆಗೆ ಸರಿಸಿ ಮನಸ್ಸನ್ನು ಮುಂದೆ ನಿಲ್ಲಿಸುವುದು. ಟ್ಯಾವಿಸ್ಟಾಕ್‌ನ ಎರಿಕ್ ಮಿಲ್ಲರ್ 1970ರಲ್ಲಿ ಮತ್ತೆ ಹೋಗಿ ನೋಡಿದಾಗ ಒಂದು ಶೆಡ್ಡಿನಲ್ಲಿ ಗುಂಪಿನ ಕ್ರಮ ಬಹುಮಟ್ಟಿಗೆ ಉಳಿದಿತ್ತು, ಉಳಿದ ಕಡೆ ಅದು ಸವೆದುಹೋಗಿತ್ತು. ಮುಂದಿನ ದಶಕಗಳಲ್ಲಿ ಅಹಮದಾಬಾದಿನ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕ್ಯಾಲಿಕೊ ಕೂಡ ಉಳಿಯಲಿಲ್ಲ. ಆ ಏಳು ಜನರ ಗುಂಪುಗಳು ಆಡಳಿತಶಾಸ್ತ್ರದ ವರ್ಗಗಳಲ್ಲಿ ಇನ್ನೂ ಮಗ್ಗ ನಡೆಸುತ್ತಿವೆ.

ಈಗ ಕರ್ನಾಟಕದ ಮಾತು. ಕಳೆದ ಒಂದು ದಶಕದಲ್ಲಿ ಈ ಶಾಸ್ತ್ರದ ಪ್ರಯೋಗಶಾಲೆ ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಬಂದಿದೆ. ಜನ ಇವನ್ನು ಗಾರ್ಮೆಂಟ್ಸ್ ಎಂದೇ ಕರೆಯುತ್ತಾರೆ. ಲಕ್ಷಾಂತರ ಜನ ದುಡಿಯುವ, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳಿರುವ ಉದ್ಯಮವಿದು. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನ್ಯಾಶಾಧಾಮ್ ಎಂಬ ಅರ್ಥಶಾಸ್ತ್ರಜ್ಞರು ಶಾಹಿ ಎಕ್ಸ್‌ಪೋರ್ಟ್ಸ್ ಎಂಬ ದೊಡ್ಡ ರಫ್ತು ಸಂಸ್ಥೆಯ ಕಾರ್ಖಾನೆಗಳಲ್ಲಿ ಅನೇಕ ಅಧ್ಯಯನ ನಡೆಸಿದ್ದಾರೆ. 2017ರಲ್ಲಿ ಆ ಸಂಸ್ಥೆಯ ಸಹಯೋಗದಲ್ಲಿಯೇ ‘ಗುಡ್ ಬಿಸಿನೆಸ್ ಲ್ಯಾಬ್’ ಎಂಬ ಸಂಶೋಧನಾ ಸಂಸ್ಥೆಯೂ ಹುಟ್ಟಿತು. ಇವರ ವಿಧಾನ ರೈಸನದಕ್ಕಿಂತ ಕಟ್ಟುನಿಟ್ಟಾದುದು. ಚೀಟಿ ಎತ್ತಿದಂತೆ ಕೆಲವರನ್ನು ಆರಿಸಿ ಅವರಿಗೆ ಮಾತ್ರ ಹೊಸ ಕ್ರಮವನ್ನು ಅನ್ವಯಿಸುವುದು, ಉಳಿದವರೊಡನೆ ಹೋಲಿಸುವುದು. ಇದರಲ್ಲಿ ಸಂಶೋಧಕನ ಇಷ್ಟಾನಿಷ್ಟ ನುಸುಳುವ ಅವಕಾಶ ಕಡಿಮೆ. ಹಾಥಾರ್ನ್‌ದಲ್ಲಿ ಮಾತುಗಾರ್ತಿಯರನ್ನು ಎಬ್ಬಿಸಿ ಕಳಿಸಿದಂಥ ಕೆಲಸ ಇಲ್ಲಿ ನಡೆಯುವುದಿಲ್ಲ. ದೀಪದ ವಿಷಯವೂ ಇಲ್ಲಿ ಮರಳಿ ಬಂದಿದೆ: ಹಳೆಯ ದೀಪಗಳನ್ನು ತೆಗೆದು ಎಲ್‌ಇಡಿ ದೀಪ ಹಾಕಿದಾಗ ಒಳಗಿನ ಬಿಸಿ ತಗ್ಗಿ, ಸೆಕೆಯ ದಿನಗಳಲ್ಲಿ ಉತ್ಪಾದನೆ ಸುಧಾರಿಸಿತೆಂದು ಇವರು ತೋರಿಸಿದ್ದಾರೆ. ಮೇಯೊನಿಗೆ ದೀಪದಲ್ಲಿ ಮನಸ್ಸು ಕಂಡಿತ್ತು. ಇವರಿಗೆ ಬೆವರು ಕಂಡಿದೆ. ಇದು ಪ್ರಗತಿಯೇ.

ಆದರೆ ಎರಡು ಅಧ್ಯಯನಗಳನ್ನು ಜಾಗರೂಕತೆಯಿಂದ ಓದಬೇಕಾಗಿದೆ.

ಮೊದಲನೆಯದು ತರಬೇತಿಯ ಅಧ್ಯಯನ. ಬೆಂಗಳೂರಿನ ಐದು ಕಾರ್ಖಾನೆಗಳಲ್ಲಿ ಚೀಟಿಯಿಂದ ಆಯ್ಕೆಯಾದ ಹೆಣ್ಣುಮಕ್ಕಳಿಗೆ ಮಾತುಕತೆ, ಸಮಯದ ನಿರ್ವಹಣೆ, ಹಣಕಾಸಿನ ತಿಳುವಳಿಕೆ, ಸಮಸ್ಯೆ ಬಿಡಿಸುವ ಬಗೆ ಮುಂತಾದವುಗಳಲ್ಲಿ ಸುಮಾರು 80 ಗಂಟೆಗಳ ಪಾಠ ಹೇಳಲಾಯಿತು. ಕೈಕೆಲಸದ ತರಬೇತಿ ಅಲ್ಲ, ನಡೆನುಡಿಯ ತರಬೇತಿ. 2023ರಲ್ಲಿ ಅಂತಿಮವಾಗಿ ಪ್ರಕಟವಾದ ಪ್ರಬಂಧದ ಪ್ರಕಾರ ತರಬೇತಿ ಪಡೆದವರ ಉತ್ಪಾದಕತೆ 13.5 ಪ್ರತಿಶತ ಹೆಚ್ಚಿತು. ಅವರ ಕೂಲಿ ಹೆಚ್ಚಿದುದು ಅರ್ಧ ಪ್ರತಿಶತ. ತರಬೇತಿ ಮುಗಿದ ಎಂಟು ತಿಂಗಳೊಳಗೆ ಸಂಸ್ಥೆಗೆ, ಹಾಕಿದ ಹಣದ ಎರಡೂವರೆ ಪಟ್ಟು ನಿವ್ವಳ ಲಾಭ ಮರಳಿ ಬಂದಿತು.

ಟೇಲರನ ಅಂಕಿಗಳನ್ನು ಈಗ ಹೊರತೆಗೆಯಬೇಕು. ಷ್ಮಿಟ್‌ನ ಉತ್ಪಾದನೆ ನೂರಕ್ಕೆ 276 ಹೆಚ್ಚಿದಾಗ ಕೂಲಿ ನೂರಕ್ಕೆ 61ರಷ್ಟು ಹೆಚ್ಚಿತು. ಎಂದರೆ ಉತ್ಪಾದನೆಯ ಏರಿಕೆಯ ಪ್ರತಿ ರೂಪಾಯಿಗೆ ಕೂಲಿಯ ಏರಿಕೆ 22 ಪೈಸೆ. ಬೆಂಗಳೂರಿನ ಹೆಣ್ಣುಮಗಳಿಗೆ ಇದೇ ಅಳತೆಯಲ್ಲಿ ಬಂದುದು ನಾಲ್ಕು ಪೈಸೆಗಿಂತ ಕಡಿಮೆ. ಕ್ರೂರನೆಂದು ಕಾರ್ಮಿಕ ಲೋಕ ಒಂದು ಶತಮಾನ ಕಾಲ ನಿಂದಿಸುತ್ತ ಬಂದ ಟೇಲರ್ ಈ ತಕ್ಕಡಿಯಲ್ಲಿ ಉದಾರಿಯಾಗಿ ತೋರುತ್ತಾನೆ. ಹೋಲಿಕೆ ಸ್ಥೂಲವಾದುದೆಂಬುದು ನಿಜ. ಒಂದು ದೇಹದ ಹೊರೆ, ಇನ್ನೊಂದು ಮನಸ್ಸಿನ ಹುರುಪು; ಕಾಲ ದೇಶ ಬೇರೆ. ಆದರೂ ವ್ಯಾಪಾರದಲ್ಲಿ ಹುಟ್ಟಿದ ಲಾಭ ಯಾವ ಖಾತೆಗೆ ಜಮೆಯಾಯಿತೆಂದು ನೋಡುವುದು ಲೆಕ್ಕಿಗನ ಮೊದಲ ಕೆಲಸ.

ಸಂಶೋಧಕರ ಪ್ರಾಮಾಣಿಕತೆಯಲ್ಲಿ ಸಂದೇಹವಿಲ್ಲ. ಅರ್ಧ ಪ್ರತಿಶತದ ಅಂಕಿಯನ್ನು ಅವರೇ ಮುಚ್ಚುಮರೆಯಿಲ್ಲದೆ ಮುದ್ರಿಸಿದ್ದಾರೆ. ನಡೆನುಡಿಯ ಕೌಶಲ್ಯ ಬೇರೆ ಮಾಲಿಕರ ಕಣ್ಣಿಗೆ ಬೀಳದ್ದರಿಂದ ಅದಕ್ಕೆ ಪೇಟೆಯಲ್ಲಿ ಬೆಲೆ ಬರುವುದಿಲ್ಲವೆಂದು ಕಾರಣವನ್ನೂ ಕೊಟ್ಟಿದ್ದಾರೆ. ಅರ್ಥಶಾಸ್ತ್ರವಾಗಿ ಇದು ಸರಿಯಾಗಿರಬಹುದು. ನೀತಿಯ ಪ್ರಶ್ನೆ ಇಲ್ಲಿಂದ ಆಚೆಗೆ ಆರಂಭವಾಗುತ್ತದೆ. ಪೇಟೆ ಬೆಲೆ ಕಟ್ಟದಿದ್ದರೆ ಮಾಲಿಕನೂ ಕಟ್ಟಬಾರದೆಂದು ಯಾವ ನಿಯಮವಿದೆ? ಬೇರೆಯವರಿಗೆ ಕಾಣದಿದ್ದರೂ ಅವನಿಗಂತೂ ಕಂಡಿದೆ. ಪ್ರಬಂಧದ ಕೋಷ್ಟಕದಲ್ಲಿ ದಶಮಾಂಶದವರೆಗೆ ಕಂಡಿದೆ. ತೂಕದಲ್ಲಿ ಕಡಿಮೆ ಕೊಟ್ಟು ಹೆಚ್ಚು ಕೊಳ್ಳುವುದನ್ನು ಅಚೌರ್ಯ ವ್ರತದ ಅತಿಚಾರವೆಂದು ಎಣಿಸಿದ ಆಚಾರ್ಯರ ಮನಸ್ಸಿನಲ್ಲಿ ಇದ್ದುದು ಧಾನ್ಯದ ಕೊಳಗ, ಬಂಗಾರದ ತಕ್ಕಡಿ. ಅಳತೆಗೋಲು ಮನುಷ್ಯನ ಶ್ರಮದ ಮೇಲೆ ಬಂದಾಗ ಆ ವಿಚಾರವನ್ನು ಅಂಗಡಿಯ ಹೊರಗೆ ಬಿಟ್ಟು ಬರಬೇಕೇ ಎಂದು ವಾಚಕರು ಯೋಚಿಸಬಹುದು.

ಎರಡನೆಯ ಅಧ್ಯಯನ ಇನ್ನೂ ಸೂಕ್ಷ್ಮವಾದುದು. ನಿರೀಕ್ಷೆಗಿಂತ ಕಡಿಮೆಯಾದ ಒಂದು ವೇತನ ಏರಿಕೆಯ ಬೆನ್ನಿಗೇ, ಚೀಟಿಯಿಂದ ಆರಿಸಿದ ಕೆಲವು ಕೆಲಸಗಾರರಿಗೆ ಹೆಸರು ಬರೆಯದ ಒಂದು ಪ್ರಶ್ನಾವಳಿ ಕೊಟ್ಟು, ಕೆಲಸದ ಪರಿಸ್ಥಿತಿ ಹೇಗಿದೆ, ಮೇಲ್ವಿಚಾರಕರು ಹೇಗಿದ್ದಾರೆ, ಒಟ್ಟಿನಲ್ಲಿ ತೃಪ್ತಿಯಿದೆಯೇ ಎಂದು ಕೇಳಲಾಯಿತು. ಅಷ್ಟೇ. ಕೂಲಿ ಬದಲಾಗಲಿಲ್ಲ. ಆದರೂ ಹೀಗೆ ಕೇಳಲ್ಪಟ್ಟವರಲ್ಲಿ ಕೆಲಸ ಬಿಟ್ಟುಹೋಗುವವರ ಪ್ರಮಾಣ ಸುಮಾರು 20 ಪ್ರತಿಶತ ತಗ್ಗಿತು, ಗೈರುಹಾಜರಿಯೂ ಕಡಿಮೆಯಾಯಿತು. ಹೆಚ್ಚು ನಿರಾಶರಾದವರಲ್ಲಿಯೇ ಈ ಪರಿಣಾಮ ಹೆಚ್ಚಾಗಿ ಕಂಡಿತು. 2022ರಲ್ಲಿ ಈ ಪ್ರಬಂಧ ಪ್ರಕಟವಾಯಿತು. ದನಿ ಕೊಟ್ಟರೆ ಜನ ಬಿಟ್ಟುಹೋಗುವುದಿಲ್ಲ ಎಂಬುದು ಅದರ ಸಾರ.

ಇದನ್ನು ಎರಡು ರೀತಿಯಲ್ಲಿ ಓದಬಹುದು. ಕೆಲಸಗಾರರು ಮಾತನ್ನು ಗೌರವವೆಂದು ಎಣಿಸುತ್ತಾರೆ, ಕೇಳುವವರಿದ್ದರೆ ಕಷ್ಟವನ್ನೂ ಸಹಿಸುತ್ತಾರೆ ಎಂಬುದು ಸಜ್ಜನರ ಓದು. ಕೇಳಿದಂತೆ ಮಾಡಿದರೆ ಸಾಕು, ಕೊಡಬೇಕಾಗಿಲ್ಲ ಎಂಬುದು ಇನ್ನೊಂದು ಓದು. ಸಂಶೋಧಕರ ಆಶಯ ಮೊದಲನೆಯದೇ ಇದ್ದೀತು. ಆದರೆ ಶಾಸ್ತ್ರ ಬರೆದವನ ಆಶಯಕ್ಕಿಂತ ಕೊಳ್ಳುವವನ ಉಪಯೋಗವೇ ಪ್ರಬಲವಾಗುತ್ತದೆ. ಪ್ರಶ್ನಾವಳಿಯ ಕಾಗದಕ್ಕೆ ತಗಲುವ ಖರ್ಚು ಕೂಲಿ ಏರಿಸುವ ಖರ್ಚಿಗಿಂತ ಕಡಿಮೆ ಎಂಬುದನ್ನು ಕಂಡುಹಿಡಿಯಲು ಆಡಳಿತಶಾಸ್ತ್ರದ ಪದವಿ ಬೇಕಾಗಿಲ್ಲ. ಕೊಡುವ ಮನಸ್ಸಿಲ್ಲದೆ ಕೇಳುವುದು ಸುಳ್ಳಿನ ಒಂದು ಪ್ರಕಾರವಲ್ಲವೇ? ಪ್ರಬಂಧದ ಪರಿಭಾಷೆಯಲ್ಲಿ ಈ ಪ್ರಶ್ನೆಗೆ ಸ್ಥಳವಿಲ್ಲ.

ದನಿ ಮೇಲಿನಿಂದ ಕೇಳಿ ಪಡೆದದ್ದಾಗಿರದೆ ಕೆಳಗಿನಿಂದ ತಾನಾಗಿ ಎದ್ದಾಗ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನದೇ ಎರಡು ನಿದರ್ಶನಗಳಿವೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯಲ್ಲಿನ ಮಾಲಿಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಬಾರದೆಂಬ ನಿಯಮ ತಂದಾಗ, ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕಾರ್ಖಾನೆ ಬಿಟ್ಟು ಹೊಸೂರು ರಸ್ತೆಗೆ ಬಂದರು. ಕರೆ ಕೊಟ್ಟ ದೊಡ್ಡ ನಾಯಕರಿರಲಿಲ್ಲ. 19ರಂದೇ ನಿಯಮವನ್ನು ಹಿಂದೆಗೆದುಕೊಳ್ಳಲಾಯಿತು. ಎರಡನೆಯದು 2018ರ ಏಪ್ರಿಲ್ ತಿಂಗಳಿನದು. ಮೇಲೆ ಹೇಳಿದ ರಫ್ತು ಸಂಸ್ಥೆಯದೇ ಬೆಂಗಳೂರಿನ ಒಂದು ಘಟಕದಲ್ಲಿ ಕೆಲಸಗಾರರು ಹೆಚ್ಚಿನ ಕೂಲಿ, ಒಳ್ಳೆಯ ನಡವಳಿಕೆ, ಕುಡಿಯಲು ಶುದ್ಧ ನೀರು ಬೇಕೆಂದು ಅರ್ಜಿ ಬರೆದು ಕೊಟ್ಟುದಕ್ಕೆ ಅವರ ಮೇಲೆ ಹಲ್ಲೆ ಮತ್ತು ಬೆದರಿಕೆ ನಡೆದವೆಂದು ಅಮೇರಿಕದ ಕಾರ್ಮಿಕ ಹಕ್ಕುಗಳ ಸಂಸ್ಥೆಯೊಂದು ಆ ವರ್ಷವೇ ವರದಿ ಮಾಡಿತು. ಸಂಸ್ಥೆ ಮೊದಲು ಒಪ್ಪದಿದ್ದರೂ ಬಳಿಕ ಕೆಲಸಗಾರರನ್ನು ಮರಳಿ ತೆಗೆದುಕೊಂಡು, ಹೊಣೆಗಾರರಾದ ಅಧಿಕಾರಿಗಳ ಮೇಲೆ ಕ್ರಮ ಕೈಗೊಂಡು, ಕಾರ್ಮಿಕ ಸಂಘದೊಡನೆ ಮಾತುಕತೆಗೆ ಒಪ್ಪಿತು ಎಂಬುದನ್ನೂ ಹೇಳಬೇಕು. ಸಂಶೋಧಕರ ಪ್ರಶ್ನಾವಳಿಗೂ ಆ ಅರ್ಜಿಗೂ ಇದ್ದ ವ್ಯತ್ಯಾಸವೆಂದರೆ, ಅರ್ಜಿಗೆ ಉತ್ತರ ಬೇಕಾಗಿತ್ತು.

ಕುಡಿಯುವ ನೀರಿನ ಮಾತು ಬಂದುದರಿಂದ ಒಂದು ವಿಷಯ. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರ ಹೇಳುವ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಇವನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿಸುವಾಗ ಎತ್ತು, ಕತ್ತೆಗಳ ಉದಾಹರಣೆ ಕೊಡುವುದು ವಾಡಿಕೆ. ಶಕ್ತಿಗೆ ಮೀರಿದ ಹೊರೆ ಹೇರುವುದು, ಅನ್ನ ನೀರು ತಡೆಯುವುದು ಎಂದರೆ ಷ್ಮಿಟ್‌ನ 47 ಟನ್ನು ಮತ್ತು ಆ ಅರ್ಜಿಯಲ್ಲಿದ್ದ ನೀರು ಎರಡೂ ಅದರೊಳಗೆ ಬರುತ್ತವೆ.

ಇಷ್ಟಕ್ಕೂ ದುಡಿಯುವವರನ್ನು ಕುರಿತು ಜ್ಞಾನ ಪಡೆಯಲು ಪ್ರಯೋಗವೊಂದೇ ದಾರಿಯೇ? ಈ ಭಾಗದ ಜನರಿಗೆ ಉತ್ತರ ದೂರದಲ್ಲಿಲ್ಲ. ನಿಪ್ಪಾಣಿ ಬೀಡಿ ತಂಬಾಕಿನ ಪೇಟೆ. 1981ರಲ್ಲಿ ತಂಬಾಕಿನ ಬೆಲೆಗಾಗಿ ಶರದ್ ಜೋಶಿಯವರ ನೇತೃತ್ವದಲ್ಲಿ ರೈತರು ಪುಣೆ ಬೆಂಗಳೂರು ಹೆದ್ದಾರಿಯಲ್ಲಿ ಕುಳಿತದ್ದು, ಏಪ್ರಿಲಿನಲ್ಲಿ ಗೋಲಿಬಾರಾಗಿ ರೈತರು ಪ್ರಾಣ ಕಳೆದುಕೊಂಡದ್ದು ಹಿರಿಯರಿಗೆ ನೆನಪಿದೆ. ಅದೇ ಕಾಲದಲ್ಲಿ ಅದೇ ತಂಬಾಕನ್ನು ವಖಾರಗಳೊಳಗೆ ಕುಟ್ಟಿ, ಜರಡಿ ಹಿಡಿದು, ಹದಗೊಳಿಸುತ್ತಿದ್ದ ಸಾವಿರಾರು ಹೆಂಗಸರು ಚಿಕ್ಕೋಡಿ ತಾಲೂಕಿನ ಕಾಮಗಾರ ಮಹಾಸಂಘದಲ್ಲಿ ಸಂಘಟಿತರಾದದ್ದು ಅಷ್ಟಾಗಿ ನೆನಪಿನಲ್ಲಿಲ್ಲ. ಅವರಿಗೆ ದಾರಿ ತೋರಿದವರಲ್ಲಿ ಸುಭಾಷ ಜೋಶಿಯವರು ಪ್ರಮುಖರು.

ಬೆಂಗಳೂರಿನಲ್ಲಿ 1980ರಲ್ಲಿ ಆರಂಭವಾದ ‘ಯುಗಾಂತರ’ ಎಂಬ ಮಹಿಳಾ ಚಿತ್ರತಂಡದವರು, ದೀಪಾ ಧನರಾಜ್ ಮತ್ತು ಗೆಳತಿಯರು, ನಿಪ್ಪಾಣಿಗೆ ಬಂದು ಈ ಹೆಂಗಸರ ಜೊತೆ ನಾಲ್ಕು ತಿಂಗಳು ಇದ್ದರು. 1982ರಲ್ಲಿ ಹೊರಬಂದ ‘ತಂಬಾಖು ಚಾಕೀಲಾ ಊಬ್ ಆಲೀ’ ಎಂಬ ಸುಮಾರು 25 ನಿಮಿಷಗಳ ಮರಾಠಿ ಚಿತ್ರ ಅದರ ಫಲ. ಏನನ್ನು ತೋರಿಸಬೇಕು, ಯಾವ ಸಂದರ್ಭವನ್ನು ಮತ್ತೆ ಅಭಿನಯಿಸಬೇಕು ಎಂಬುದರಲ್ಲಿ ಹೆಂಗಸರಿಗೂ ಪಾಲಿತ್ತು. ವಖಾರದ ಒಳಗಿನ ಧೂಳು, ಕೆಲಸದ ಹೊತ್ತು, ಕೂಲಿ, ಅವಮಾನ, ಹೆದರಿಕೆ, ಹೆದರಿಕೆ ಹೋದ ಬಗೆ ಎಲ್ಲವೂ ಅವರ ಬಾಯಿಂದಲೇ ಬರುತ್ತವೆ. ಹೋಲಿಕೆಯ ಗುಂಪಿಲ್ಲ, ಕೋಷ್ಟಕವಿಲ್ಲ. ವಿಜ್ಞಾನದ ದೃಷ್ಟಿಯಿಂದ ಇದು ಪುರಾವೆಯೇ ಅಲ್ಲ ಎನ್ನುವವರುಂಟು. ಚಿತ್ರ ಒಂದು ಪಕ್ಷದ್ದು ಎಂಬ ಆಕ್ಷೇಪವೂ ನ್ಯಾಯವಾದುದೇ. ವಖಾರದ ಮಾಲಿಕನ ಕಷ್ಟ, ಸಾಲ, ಪೇಟೆಯ ಏರಿಳಿತ ಅದರಲ್ಲಿ ಬರುವುದಿಲ್ಲ. ಆದರೆ ಬೆಂಗಳೂರಿನ ಪ್ರಬಂಧಗಳೂ ಒಂದು ಪಕ್ಷದ ಕಾರ್ಖಾನೆಯೊಳಗೆ, ಆ ಪಕ್ಷದ ಅನುಮತಿಯಿಂದ ಬರೆದವೇ. ಚಿತ್ರ ತಾನು ಯಾರ ಪಕ್ಕದಲ್ಲಿ ನಿಂತು ನೋಡುತ್ತಿದೆ ಎಂಬುದನ್ನು ಮೊದಲ ಚೌಕಟ್ಟಿನಿಂದಲೇ ಹೇಳುತ್ತದೆ. ಪ್ರಬಂಧ ಅದನ್ನು ವಿಧಾನವೆಂಬ ಅಧ್ಯಾಯದ ಅಡಿಯಲ್ಲಿ ಹೇಳುತ್ತದೆ.

ಬರ್ಲಿನ್ನಿನ ಆರ್ಸೆನಾಲ್ ಸಂಸ್ಥೆಯವರು ಯುಗಾಂತರದ ಚಿತ್ರಗಳನ್ನು ಸಂಸ್ಕರಿಸಿ ಉಳಿಸಿದ್ದಾರೆ. ಜರ್ಮನಿಯಲ್ಲಿ ನಿಪ್ಪಾಣಿಯ ತಂಬಾಕಿನ ಧೂಳನ್ನು ಕಾಣಬಹುದು. ಇಲ್ಲಿನ ವಾಚನಾಲಯಗಳಲ್ಲಿ, ವಾಣಿಜ್ಯ ಕಾಲೇಜುಗಳಲ್ಲಿ ಅದನ್ನೊಮ್ಮೆ ತೋರಿಸಿದರೆ ಆಡಳಿತಶಾಸ್ತ್ರದ ವಿದ್ಯಾರ್ಥಿಗಳಿಗೆ ಹಾಥಾರ್ನ್‌ದ ದಂತಕಥೆಗಿಂತ ಹೆಚ್ಚು ಪ್ರಯೋಜನವಾದೀತು.

ಪರಿಭಾಷೆಯ ಬಗ್ಗೆಯೂ ಒಂದು ಮಾತು ಉಳಿದಿದೆ. ದುಡಿಯುವವರನ್ನು ‘ಮಾನವ ಸಂಪನ್ಮೂಲ’ವೆಂದು ಕರೆಯುವುದು ಈಗ ಸಹಜವಾಗಿಬಿಟ್ಟಿದೆ. ಕೇಂದ್ರದ ಶಿಕ್ಷಣ ಖಾತೆಯೇ 1985ರಿಂದ 2020ರವರೆಗೆ ಆ ಹೆಸರನ್ನು ಹೊತ್ತಿತ್ತು. ಸಂಪನ್ಮೂಲವೆಂದರೆ ಕಲ್ಲಿದ್ದಲು, ನೀರು, ಬಂಡವಾಳಗಳ ಸಾಲಿಗೆ ಸೇರಿದ ವಸ್ತು. ಇದನ್ನು ಪಶ್ಚಿಮದ ದೋಷವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಪರಿಗ್ರಹ ಪರಿಮಾಣದ ಪಟ್ಟಿಯಲ್ಲಿ ಹೊಲ ಮನೆ, ಬೆಳ್ಳಿ ಬಂಗಾರ, ಧನ ಧಾನ್ಯಗಳ ಜೊತೆಗೆ ದಾಸೀ ದಾಸರೂ ಬರುತ್ತಾರೆ. ಅಲ್ಲಿಯೂ ಮನುಷ್ಯರು ವಸ್ತುಗಳ ಸಾಲಿನಲ್ಲಿಯೇ ಇದ್ದಾರೆ. ಕಾಲದ ದೋಷವದು, ಮುಚ್ಚಿಡಬೇಕಾಗಿಲ್ಲ. ಆದರೆ ಎರಡು ಪಟ್ಟಿಗಳ ಉದ್ದೇಶ ವಿರುದ್ಧವಾದುದು. ಶ್ರಾವಕನ ಪಟ್ಟಿ ಇಷ್ಟಕ್ಕಿಂತ ಹೆಚ್ಚು ಬೇಡವೆಂದು ಗೆರೆ ಎಳೆಯುವುದಕ್ಕಾಗಿ ಮಾಡಿದ್ದು. ಆಡಳಿತಶಾಸ್ತ್ರದ ಪಟ್ಟಿ ಇದ್ದುದರಿಂದ ಎಷ್ಟು ಹೆಚ್ಚು ತೆಗೆಯಬಹುದೆಂದು ನೋಡುವುದಕ್ಕಾಗಿ ಮಾಡಿದ್ದು. ಬೇರೊಬ್ಬರ ದುಡಿಮೆ ತನ್ನ ಸ್ವತ್ತಾಗುವುದಕ್ಕೆ ಒಂದು ಮಿತಿ ಇರಬೇಕೆಂಬ ವಿಚಾರ, ಟೇಲರ್‌ನಿಂದ ಇಂದಿನವರೆಗೆ ಮೇಲೆ ಹೆಸರಿಸಿದ ಯಾವ ಸಂಶೋಧನೆಯಲ್ಲಿಯೂ ಪ್ರಶ್ನೆಯಾಗಿ ಬರುವುದಿಲ್ಲ.

ಈ ವಿಮರ್ಶೆ ಕಾರ್ಖಾನೆಗಳಿಗೆ ಮಾತ್ರ ಅನ್ವಯಿಸುತ್ತದೆಂದು ಬಸದಿಗಳ ಟ್ರಸ್ಟುಗಳು ತಿಳಿಯಬಾರದು. ಪೂಜೆ ಮಾಡುವ ಉಪಾಧ್ಯೆ, ಅಂಗಳ ಗುಡಿಸುವ ಹೆಂಗಸು, ಯಾತ್ರಿಕರಿಗೆ ಅಡುಗೆ ಮಾಡುವವರು, ವಿದ್ಯಾರ್ಥಿನಿಲಯದ ಕಾವಲುಗಾರ ಇವರೆಲ್ಲ ದುಡಿಯುವವರೇ. ಕೊಡುವ ಹಣವನ್ನು ‘ಗೌರವಧನ’ವೆಂದು ಖರ್ಚಿಗೆ ಹಾಕಿದರೆ ಅದು ಪಗಾರವಾಗಿ ಕಾಣುವುದಿಲ್ಲ, ಪಗಾರವಾಗಿ ಕಾಣದಿದ್ದಾಗ ರಜೆ, ಭವಿಷ್ಯನಿಧಿ, ವೃದ್ಧಾಪ್ಯದ ಮಾತು ಏಳುವುದಿಲ್ಲ. ಪಂಚಕಲ್ಯಾಣ ಮಹೋತ್ಸವದ ದಿನಗಳಲ್ಲಿ ಇವರ ಕೆಲಸದ ಹೊತ್ತು ಎಷ್ಟಾಗುತ್ತದೆಂದು ಬರೆದಿಡುವ ಪುಸ್ತಕ ಎಷ್ಟು ಬಸದಿಗಳಲ್ಲಿದೆ? ದೇಣಿಗೆಯ ಪಾವತಿ ಪುಸ್ತಕ ಎಲ್ಲ ಕಡೆಯೂ ಇದೆ. ವಾರ್ಷಿಕ ಸಭೆಯಲ್ಲಿ ಜಮಾ ಖರ್ಚಿನ ಪಟ್ಟಿಯನ್ನು ಓದಿ ಮಂಜೂರು ಮಾಡುವಾಗ ‘ನೌಕರರ ಗೌರವಧನ’ ಎಂಬ ಒಂದು ಸಾಲು ಬರುತ್ತದೆ. ಆ ಸಾಲಿನಲ್ಲಿ ಎಷ್ಟು ಜನರಿದ್ದಾರೆ, ಎಷ್ಟು ವರ್ಷಗಳಿಂದ ಇದ್ದಾರೆ, ಕಳೆದ ಬಾರಿ ಯಾವಾಗ ಏರಿಸಲಾಯಿತು ಎಂದು ಕೇಳಲು ಸದಸ್ಯರಿಗೆ ಅಧಿಕಾರವಿದೆ. ಆ ಜನರನ್ನೂ ಸಭೆಗೆ ಕರೆದು, ಅವರ ಎದುರಿನಲ್ಲಿಯೇ ಆ ಸಾಲನ್ನು ಓದುವುದಕ್ಕೆ ಯಾವ ಟ್ರಸ್ಟಿನ ನಿಯಮಾವಳಿಯೂ ಅಡ್ಡಿ ಬರಲಾರದು.